ಇಲಿಮನೆಯ ಕಿಟಕಿ

ನಮ್ಮೂರಿನಲ್ಲಿ ಯಾವ ಮನೆಯಲ್ಲಿ ಮಗು ಹುಟ್ಟಿದರೂ ಅದೇ ದಿನ ಇಲಿಮನೆಯಲ್ಲಿ ಆ ಮನೆತನದ ಇಲಿಯೊಂದು ಮರಿ ಹಾಕುತ್ತದೆ. ಮರಿಗಳಲ್ಲಿ ಮೊದಲು ಕಣ್ಣು ಬಿಟ್ಟದ್ದಕ್ಕೆ ಮಗುವಿನ ಹೆಸರು. ಆ ಹೆಸರಿನ ಮನುಷ್ಯ ಬದುಕಿದಷ್ಟು ಕಾಲ ಆ ಇಲಿಯೂ ಬದುಕುತ್ತದೆ. ಇವನ ತಲೆ ನರೆತರೆ ಅದರ ಮೀಸೆಯೂ ನರೆಯುತ್ತದೆ. ಹಗ್ಗದವರ ಮನೆಯ ಇಲಿಗಳು ಕಪ್ಪು, ಗಾಣದವರವು ಬೂದಿ ಬಣ್ಣ, ನಮ್ಮವು ಕಂದು. ನನ್ನ ಹೆಸರು ಹಾಲವ್ವ. ಇಲಿಮನೆಯ ಕೆಲಸ ನನ್ನ ಕೈಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಅದಕ್ಕೂ ಮುಂಚೆ ನನ್ನ ಚಿಕ್ಕವ್ವ ಮಾದವ್ವನ ಕೈಕೆಳಗೆ ಹತ್ತು ವರ್ಷ ಗೂಡು ತೊಳೆದಿದ್ದೇನೆ. ನನ್ನ ಇಲಿ ಮೂರನೆಯ ಸಾಲಿನಲ್ಲಿದೆ. ಅದಕ್ಕೂ ಈಗ ನನ್ನ ಹಾಗೆ ಎಡಗಾಲಿನ ಮೊಣಕಾಲು ನೋವು.

ಮದುವೆಯ ಮಾತು ಬಂದಾಗ ನಾವು ಸೀಸೆ ನೋಡುತ್ತೇವೆ. ನಡುಮನೆಯ ಕಲ್ಲುಚಪ್ಪಡಿಯ ಮೇಲೆ ಒಂದು ಗೂಡು, ಗೂಡಿಗೆ ಗೆರೆ ಕೊರೆದ ಎರಡು ಸೀಸೆ, ಸೀಸೆಯ ಬಾಯಿಗೆ ಕೊಳವೆ. ಎಡಕ್ಕೆ ಬಾವಿಯ ನೀರು. ಬಲಕ್ಕೆ ಹಿಪ್ಪೆ ಹೂವಿನ ಸಾರಾಯಿ. ಅದರ ಕತ್ತಿಗೆ ಕೆಂಪು ದಾರ. ಹುಡುಗನ ಇಲಿಯನ್ನೋ ಹುಡುಗಿಯ ಇಲಿಯನ್ನೋ ಅದರೊಳಗೆ ಒಂಟಿಯಾಗಿ ಬಿಟ್ಟು ಏಳು ದಿನ ಕಾಯುತ್ತೇವೆ. ಯಾರೂ ಅದಕ್ಕೆ ಇದನ್ನು ಕುಡಿ, ಅದನ್ನು ಬಿಡು ಎನ್ನುವುದಿಲ್ಲ. ದಿನಾ ಬೆಳಿಗ್ಗೆ ಯಾವ ಸೀಸೆ ಎಷ್ಟು ಗೆರೆ ಇಳಿದಿದೆ ಎಂದು ನೋಡಿ ಹೇಳುವುದು ನನ್ನ ಕೆಲಸ. ಪಕ್ಕದಲ್ಲೇ ಇನ್ನೊಂದು ಖಾಲಿ ಗೂಡು ಇರುತ್ತದೆ, ಅದಕ್ಕೂ ಎರಡು ಸೀಸೆ. ಆ ಸೀಸೆಗಳು ಇಳಿದಷ್ಟನ್ನು ಕಳೆದರೆ ಇಲಿ ಕುಡಿದದ್ದು ಎಷ್ಟು ಅಂತ ಸಿಗುತ್ತದೆ. ಖಾಲಿ ಗೂಡಿನ ಸೀಸೆ ಸೋರಿಯೋ ಆರಿಯೋ ಇಳಿಯುತ್ತದೆ ಅಂತ ನನಗೆ ಗೊತ್ತು. ಊರವರು ಮಾತ್ರ ಅದನ್ನು ಇನ್ನೂ ಹುಟ್ಟದವರು ಕುಡಿದದ್ದು ಎನ್ನುತ್ತಾರೆ. ಅನ್ನಲಿ ಬಿಡಿ ಎಂದು ನಾನು ಸುಮ್ಮನಿದ್ದೇನೆ.

ಇಲಿ ನೀರು ಕುಡಿದರೆ ಆ ಮನುಷ್ಯ ಇದ್ದಲ್ಲೇ ಇರುತ್ತಾನೆ. ಸಾರಾಯಿ ಕುಡಿದರೆ ಅವನನ್ನು ಹೂವಿನ ಕೇರಿಗೆ ಕಳಿಸುತ್ತೇವೆ. ಕಳಿಸುವುದೆಂದರೆ ಬೈದು ಅಟ್ಟುವುದಲ್ಲ. ಡೊಳ್ಳು ಬಾರಿಸಿಕೊಂಡು ಹೋಗಿ, ಹೊಸ ಚಾಪೆ ಹಾಸಿ, ಮೊದಲ ಬಟ್ಟಲನ್ನು ಊರಿನ ಹಿರಿಯರೇ ತುಂಬಿ ಕೊಡುತ್ತಾರೆ. ಆಮೇಲೆ ದಿನಾ ಬೆಳಿಗ್ಗೆ ಅವನ ಪಾಲಿನ ಗಡಿಗೆ ಅವನ ಬಾಗಿಲಿಗೆ ಬರುತ್ತದೆ. ರಕ್ತದಲ್ಲಿ ಇರುವುದನ್ನು ತಡೆದರೆ ಪಾಪ ಎಂದು ನಮ್ಮವರ ನಂಬಿಕೆ. ಹೂವಿನ ಕೇರಿಯವರು ಯಾರ ಮನೆಗೆ ಬಂದರೂ ಸಾರಾಯಿಯೇ ಕೊಡಬೇಕು. ನೀರು ಕೊಟ್ಟರೆ ನಿನ್ನ ಪಾಲು ನಮಗೆ ಭಾರವಾಯಿತು ಎಂದು ಮುಖಕ್ಕೆ ಹೇಳಿದ ಹಾಗೆ. ಅವರ ಹೆಣ್ಣು ಗಂಡು ಅವರೊಳಗೇ. ಆ ಕೇರಿಯ ಜನ ಬಹಳ ಮೆತ್ತಗಿನವರು. ಜಗಳವಿಲ್ಲ, ಜೋರು ಮಾತಿಲ್ಲ, ಯಾರಾದರೂ ಎದುರು ಬಂದರೆ ಗೋಡೆಗೆ ಸರಿದು ದಾರಿ ಬಿಡುತ್ತಾರೆ. ಕುಡಿದು ಕುಡಿದು ಮೆತ್ತಗಾಗಿದ್ದಾರೆ ಎಂದು ಎಲ್ಲರೂ ಅಂದುಕೊಂಡಿದ್ದೆವು.

ಈ ವರ್ಷ ಹಿಪ್ಪೆ ಹೂ ಬಹಳ ಉದುರಿತು. ಬೆಳಗಾಗುವಷ್ಟರಲ್ಲಿ ಬೀದಿಯೆಲ್ಲ ಕೆನೆ ಬಣ್ಣವಾಗಿ, ಕಾಲಿಟ್ಟಲ್ಲಿ ಹೂವು ಪಿಚಕ್ಕೆನ್ನುತ್ತಿತ್ತು. ಆ ತಿಂಗಳಲ್ಲಿ ನಮ್ಮೂರಿನ ಗಾಳಿಗೇ ಸ್ವಲ್ಪ ಅಮಲು. ದನಗಳು ನಿಂತಲ್ಲೇ ನಿದ್ದೆ ಮಾಡುತ್ತವೆ, ಜೇನುಹುಳಗಳು ಮನೆಯೊಳಗೆ ಬಂದು ದಾರಿ ಮರೆತು ಕೂರುತ್ತವೆ, ಅಂಗಡಿಯವರು ಉಪ್ಪು ಕೇಳಿದರೆ ಬೆಲ್ಲ ಕಟ್ಟುತ್ತಾರೆ. ಅಂಥ ಒಂದು ಬೆಳಿಗ್ಗೆ ಗಾಣದ ಕೆಂಚವ್ವನ ಮಗಳು ಚೆಲುವಿ, ಹೂವಿನ ಕೇರಿಯ ಓಬಳೇಶನನ್ನು ಕರೆದುಕೊಂಡು, ಕರೆದುಕೊಂಡೇನು, ಹೆಚ್ಚುಕಡಿಮೆ ಎಳೆದುಕೊಂಡು ಇಲಿಮನೆಗೆ ಬಂದಳು.

"ದೊಡ್ಡವ್ವ, ಇವನ ಸೀಸೆ ನೋಡ್ಬೇಕು."

"ನೋಡೋಣಂತೆ. ಯಾವ ಹುಡುಗಿಗೆ?"

"ನನಗೇ. ಮತ್ಯಾರಿಗೆ?"

ಓಬಳೇಶ ಬಾಗಿಲ ಹೊರಗೇ ನಿಂತಿದ್ದ. ಇಪ್ಪತ್ತಾರು ವರ್ಷದ ಗಂಡು, ಕತ್ತಾಳೆ ನಾರಿನ ಹಗ್ಗ ಹೊಸೆದು ಅಂಗೈ ಕಲ್ಲಾಗಿತ್ತು. ಹೂವಿನ ಕೇರಿಯಲ್ಲಿ ಹುಟ್ಟಿದ್ದರೂ ಅವನ ಸೀಸೆ ಇನ್ನೂ ನೋಡಿರಲಿಲ್ಲ, ಅವನು ಒಂದು ಹನಿಯೂ ಮುಟ್ಟಿರಲಿಲ್ಲ. ಆ ಕೇರಿಯಲ್ಲಿ ಹುಟ್ಟಿದವರ ಸೀಸೆ ನೋಡುವುದು ಹೆಸರಿಗೆ ಮಾತ್ರ. ಅಪ್ಪನದು ಸಾರಾಯಿಯಾದರೆ ಮಗನದು ಇನ್ನೇನಿರುತ್ತದೆ? ಅವನಪ್ಪ ಜುಂಜಪ್ಪ.

ಜುಂಜಪ್ಪನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮೂವತ್ತೆಂಟು ವರ್ಷದ ಹಿಂದೆ ಅವನಿಗೂ ನನಗೂ ಮಾತಾಗಿತ್ತು. ನನ್ನ ಸೀಸೆ ನೋಡಿದರು, ನೀರು ಬಂತು. ಅವನ ಸೀಸೆ ನೋಡಿದರು, ಏಳಕ್ಕೆ ಏಳು ದಿನವೂ ಬಲಗಡೆಯದೇ ಇಳಿಯಿತು. ಡೊಳ್ಳಿನ ಹಿಂದೆ ಅವನು ತಲೆ ತಗ್ಗಿಸಿ ಹೂವಿನ ಕೇರಿಗೆ ನಡೆದ. ಮೊದಲ ಬಟ್ಟಲು ಕುಡಿದು ಕೆಮ್ಮಿದನಂತೆ, ಕಣ್ಣಲ್ಲಿ ನೀರು ಬಂತಂತೆ. ಹಿರಿಯರು ಬೆನ್ನು ಸವರಿ, "ಅಭ್ಯಾಸ ಆಗ್ತೈತೆ ಬಿಡಪ್ಪ" ಅಂದರಂತೆ. ಅಭ್ಯಾಸವಾಯಿತು. ಅಲ್ಲೇ ಮದುವೆಯಾದ, ಈ ಮಗ ಹುಟ್ಟಿದ, ಹೆಂಡತಿ ತೀರಿಕೊಂಡಳು. ನನ್ನನ್ನು ಕೇಳಿಕೊಂಡು ಆಮೇಲೆ ಮೂರು ಮನೆಯವರು ಬಂದರು. ಇಲಿಗಳನ್ನು ಬಿಟ್ಟು ಹೇಗೆ ಹೋಗಲಿ ಎಂದು ನೆಪ ಹೇಳಿದೆ. ನೆಪ ಹೇಳಿ ಹೇಳಿ ಅದೇ ನಿಜವಾಯಿತು.

"ನಿಮ್ಮವ್ವ ಒಪ್ಪಿದಳೇನೇ?" ಎಂದು ಚೆಲುವಿಯನ್ನು ಕೇಳಿದೆ.

"ಇಲಿ ಒಪ್ಪಿದರೆ ಒಪ್ತಾಳಂತೆ. ಸಾರಾಯಿ ಕುಡೀತು ಅಂದ್ರೆ ನನ್ನನ್ನ ಬೇರೆ ಊರಿಗೆ ಕೊಟ್ಟುಬಿಡ್ತಾಳಂತೆ, ಇಲಿ ಇಲ್ಲದ ಊರಿಗೆ." ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅವಳ ದನಿ ಸ್ವಲ್ಪ ಒಡೆಯಿತು.

ಓಬಳೇಶ ಕಾಲ ಬೆರಳಿನಿಂದ ಹೂವನ್ನು ಸರಿಸುತ್ತ, "ರಕ್ತ ಏನು ಹೇಳ್ತೈತೋ ಹೇಳಲಿ ಬಿಡಿ ದೊಡ್ಡವ್ವ. ಅದರ ಮುಂದೆ ನಮ್ಮದೇನೈತೆ" ಎಂದ.

"ನೋಡಿದ್ಯಾ ದೊಡ್ಡವ್ವ? ಇವನ ರಕ್ತ ಮಾತಾಡ್ತೈತಂತೆ. ಇವನಿಗೆ ಮಾತ್ರ ಬಾಯಿಲ್ಲ."

ಅವತ್ತೇ ಓಬಳೇಶನ ಇಲಿಯನ್ನು ತೆಗೆದೆ. ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಕಪ್ಪು ಇಲಿ. ಕೈಗೆತ್ತಿಕೊಂಡರೆ ಅದರ ಎದೆ ಹೆಸರುಕಾಳು ಹುರಿದ ಹಾಗೆ ಪಟಪಟ ಅನ್ನುತ್ತಿತ್ತು. ಚಪ್ಪಡಿಯ ಮೇಲಿನ ಗೂಡಿಗೆ ಬಿಟ್ಟೆ. ಅದು ಓಡಿಹೋಗಿ ಬಲಗಡೆಯ ಮೂಲೆಯಲ್ಲಿ ಹುಲ್ಲಿನೊಳಗೆ ಹೂತುಕೊಂಡಿತು.

ಮೊದಲ ದಿನ ಬಲಗಡೆಯದು ಐದು ಗೆರೆ ಇಳಿಯಿತು, ಎಡಗಡೆಯದು ಇಳಿಯಲೇ ಇಲ್ಲ. ಎರಡನೆಯ ದಿನವೂ ಹಾಗೇ. ಹೆಣ್ಣಿನ ಕಡೆಯವರು ಬಂದು ನೋಡಬಹುದು ಎಂದು ಪದ್ಧತಿ. ಕೆಂಚವ್ವ ದಿನಾ ಬೆಳಿಗ್ಗೆ ತಲೆಗೆ ಎಣ್ಣೆ ಬಳಿದುಕೊಂಡು ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದಳು. ಕೆಟ್ಟವಳಲ್ಲ ಅವಳು. ಗಂಡ ಸತ್ತಮೇಲೆ ಗಾಣವನ್ನೂ ಮಗಳನ್ನೂ ಒಬ್ಬಳೇ ಎಳೆದವಳು. ಆದರೆ ಬಾಯಿ ಅಂದರೆ ಬಾಯಿ.

"ಏನಂತೈತೆ ಹಾಲಕ್ಕ, ಅಳಿಯದೇವರ ಇಲಿ?"

"ಬಲಕ್ಕೆ."

"ನಾನು ಹೇಳ್ಲಿಲ್ವಾ? ಬೇವಿನ ಬೀಜ ಹಾಕಿ ಮಾವಿನಹಣ್ಣು ಬಿಡ್ತೈತಾ ಅಂತ ಬಾಯಿ ತೆಕ್ಕೊಂಡು ಕುಂತವ್ಳೆ ನನ್ನ ಮಗಳು. ಅವರಪ್ಪ ಜುಂಜಪ್ಪನ್ನ ನೋಡು, ಹೊತ್ತು ಮೇಲೇರೋ ಮುಂಚೆ ಅರ್ಧ ಗಡಿಗೆ ಇಳಿಸಿರ್ತಾನೆ. ನೀನಂತೂ ಬದುಕ್ಕೊಂಡೆ ನೋಡು ಅವತ್ತು."

ಮೂರನೆಯ ಬೆಳಿಗ್ಗೆ ನಾನು ಸೀಸೆಗಳನ್ನು ತೊಳೆದು, ತುಂಬಿ, ಮತ್ತೆ ಸಿಕ್ಕಿಸುವಾಗ ಅವಳು ಇದೇ ಮಾತು ಆಡುತ್ತಿದ್ದಳು. ಬದುಕ್ಕೊಂಡೆ ಎಂಬ ಮಾತು ನನಗೆ ಎಲ್ಲೋ ಚುಚ್ಚಿತು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಬಾಗಿಲು ಹಾಕಿಕೊಂಡು ಬಂದೆ.

ನಾಲ್ಕನೆಯ ದಿನ ನೋಡಿದಾಗ ಬಲಗಡೆಯದು ಐದು ಗೆರೆ ಇಳಿದಿತ್ತು. "ಬಲಕ್ಕೆ" ಎಂದು ಹೇಳಿದೆ. ಕೆಂಚವ್ವ ಸಮಾಧಾನವಾಗಿ ಎದ್ದು ಹೋದಳು. ಆಮೇಲೆ ತೊಳೆಯಲು ಸೀಸೆ ತೆಗೆದರೆ ಬಲಗಡೆಯ ಸೀಸೆಯ ಕತ್ತಿನಲ್ಲಿ ದಾರವಿರಲಿಲ್ಲ. ಕೆಂಪು ದಾರದ ಸೀಸೆ ಎಡಗಡೆ ತೂಗುತ್ತಿತ್ತು. ಒಂದು ಗೆರೆಯೂ ಇಳಿಯದೆ, ತುಂಬಿದ್ದು ತುಂಬಿದ ಹಾಗೆ.

ಇಷ್ಟು ವರ್ಷದಲ್ಲಿ ನಾನು ಸೀಸೆ ಅದಲುಬದಲು ಮಾಡಿದ್ದು ಅದೇ ಮೊದಲು. ಚಿಕ್ಕವ್ವನೂ ಮಾಡಿರಲಿಲ್ಲ, ಅವಳ ಅತ್ತೆಯೂ ಮಾಡಿರಲಿಲ್ಲ. ಎಡಕ್ಕೆ ನೀರು, ಬಲಕ್ಕೆ ಸಾರಾಯಿ. ಊಟಕ್ಕೆ ಎಲೆಯ ತುದಿ ಯಾವ ಕಡೆ ಇರಬೇಕು ಎಂದು ಯಾರೂ ಯೋಚಿಸದೆ ಹಾಕುವ ಹಾಗೆ.

ಬಲ ಬದಿಯ ಸೀಸೆಯನ್ನು ಮೂಸಿ ನೋಡಿದೆ, ನಾಲಗೆಗೆ ಹಚ್ಚಿ ನೋಡಿದೆ. ನೀರೇ. ಎರಡೂ ಸೀಸೆಗೆ ನೀರನ್ನೇ ತುಂಬಿ ಸಿಕ್ಕಿಸಿದೆ. ಸಂಜೆ ನೋಡಿದರೆ ಬಲಗಡೆಯದು ಮಾತ್ರ ಇಳಿದಿತ್ತು. ಇಲಿಗೆ ಬೇಕಾಗಿದ್ದದ್ದು ಸಾರಾಯಿಯೂ ಅಲ್ಲ, ನೀರೂ ಅಲ್ಲ, ಆ ಬದಿ.

ಯಾಕೆ ಎಂದು ತಿಳಿಯಲು ನನಗೆ ಗೊತ್ತಿರುವ ದಾರಿ ಒಂದೇ. ಸೊಪ್ಪಿನ ಹುಳ ಹುಡುಕುವಾಗ ಸೊಪ್ಪಿನ ಎತ್ತರಕ್ಕೆ ಬಾಗಬೇಕು. ಮೊಣಕಾಲನ್ನು ಬೈದುಕೊಳ್ಳುತ್ತ ಚಪ್ಪಡಿಯ ಹತ್ತಿರ ಕೂತು, ಗೂಡಿನ ಪಕ್ಕ ಕೆನ್ನೆ ಇಟ್ಟೆ. ಬಲಗಡೆ ಗೋಡೆ, ತಣ್ಣಗಿನ ನೆರಳು, ಹುಲ್ಲು. ಎಡಕ್ಕೆ ತಿರುಗಿದರೆ ಕಿಟಕಿ. ನಿಂತು ನೋಡುವವರಿಗೆ ಅದು ಸಣ್ಣ ಕಿಟಕಿ. ಇಲಿಯ ಎತ್ತರದಿಂದ ನೋಡಿದರೆ ಅದರಲ್ಲಿ ಬೀದಿಯಿಲ್ಲ, ಮನೆಯಿಲ್ಲ, ಬರೀ ಆಕಾಶ. ಎಡಗಡೆಯ ಕೊಳವೆಗೆ ಬಾಯಿ ಹಾಕಬೇಕೆಂದರೆ ಆ ಆಕಾಶದ ಕೆಳಗೆ ಬಂದು ನಿಲ್ಲಬೇಕು. ನಾನು ನೋಡುತ್ತಿದ್ದಾಗಲೇ ಒಂದು ಹದ್ದು ಅದರಲ್ಲಿ ಈ ಮೂಲೆಯಿಂದ ಆ ಮೂಲೆಗೆ ತೇಲಿಹೋಯಿತು. ಹುಲ್ಲೊಳಗೆ ಓಬಳೇಶನ ಇಲಿ ಇನ್ನಷ್ಟು ಒಳಕ್ಕೆ ಸರಿಯಿತು.

ಧೈರ್ಯದ ಇಲಿಗಳು ಆ ಬೆಳಕಿಗೆ ಬಂದು ನೀರು ಕುಡಿದಿವೆ. ಅಂಜುಬುರುಕ ಇಲಿಗಳು ನೆರಳಲ್ಲಿ ಸಿಕ್ಕಿದ್ದನ್ನು ಕುಡಿದಿವೆ. ಹೂವಿನ ಕೇರಿಯ ಜನ ಕುಡಿದು ಮೆತ್ತಗಾದವರಲ್ಲ. ಮೆತ್ತಗಿದ್ದವರನ್ನು ಆರಿಸಿ ಆರಿಸಿ ನಾವು ಅಲ್ಲಿಗೆ ಕಳಿಸಿ ಕುಡಿಸಿದ್ದೆವು. ಎಲ್ಲರೂ ಹಾಗೆ ಎಂದು ಹೇಳಲಾರೆ, ಸಾರಾಯಿಗಾಗಿಯೇ ಹುಟ್ಟಿದ ಇಲಿಗಳನ್ನೂ ನಾನು ನೋಡಿದ್ದೇನೆ. ಅವು ಕೊಳವೆಯನ್ನು ಕಚ್ಚಿ ಹಿಡಿಯುತ್ತವೆ. ಯಾರು ಹೇಗೆ ಎಂದು ಈಗ ಬೇರೆ ಮಾಡಿ ಹೇಳುವವರು ಯಾರು?

ಅಲ್ಲೇ ಕೆನ್ನೆ ಇಟ್ಟುಕೊಂಡು ಇನ್ನೊಂದು ಸಂಗತಿ ನೆನೆದೆ. ಆ ಕಿಟಕಿ ಮೊದಲಿನಿಂದ ಇರಲಿಲ್ಲ.

ನಾನು ಹತ್ತೊಂಬತ್ತರವಳಾಗಿದ್ದಾಗ ಇಲಿಮನೆಗೆ ನಾಲ್ಕೂ ಕಡೆ ಗೋಡೆ. ಚಿಕ್ಕವ್ವ ಹಣತೆ ಹಿಡಿದು ಗೆರೆ ನೋಡುತ್ತಿದ್ದಳು. ಗೋಡೆಯ ಆಚೆ ಹಗ್ಗದವರ ದಾರಿ. ಹಗ್ಗ ಹೊಸೆಯುವವರು ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಸೊಂಟದಲ್ಲಿ ನಾರು ಕಟ್ಟಿಕೊಂಡು, ಹೊಸೆಯುತ್ತ ಹೊಸೆಯುತ್ತ ಹಿಂದಕ್ಕೆ ನಡೆಯುತ್ತಾರೆ. ಜುಂಜಪ್ಪ ಹಾಗೆ ಹಿಂದೆ ಹಿಂದೆ ಹೋಗುವಾಗ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದ. ಗೋಡೆಯೊಳಗೆ ನನಗೆ ಆ ದನಿ ಮಾತ್ರ ಕೇಳುತ್ತಿತ್ತು. ಚಿಕ್ಕವ್ವನಿಗೆ ನಾನು ಹೇಳಿದೆ: "ನಿನಗೆ ಕಣ್ಣು ಮಂಜಾಗೈತೆ. ಹಣತೆ ಬೆಳಕಲ್ಲಿ ಗೆರೆ ತಪ್ಪಿದ್ರೆ ಯಾರದಾದ್ರೂ ಬಾಳು ಹಾಳಾಗ್ತೈತೆ. ಇಲ್ಲೊಂದು ಕಿಟಕಿ ಕೊರೆಸು." ಪಾಪ, ಅವಳು ನಂಬಿದಳು. ಯಾವ ಎತ್ತರಕ್ಕೆ, ಎಷ್ಟು ಅಗಲಕ್ಕೆ ಎಂದು ಗಾರೆಯವನಿಗೆ ತೋರಿಸಿದವಳೂ ನಾನೇ. ಆ ಕಿಟಕಿಯಲ್ಲಿ ಮೊದಲು ಅವನ ಬೆನ್ನು ಕಾಣುತ್ತಿತ್ತು. ದಾಟಿದ ಮೇಲೆ ಮುಖ. ದೂರ ಹೋಗುತ್ತ ಹೋಗುತ್ತ ಅವನು ನನ್ನನ್ನೇ ನೋಡುತ್ತಿದ್ದ. ಆರು ತಿಂಗಳ ಮೇಲೆ ಅವನ ಇಲಿಯನ್ನು ಅದೇ ಕಿಟಕಿಯ ಪಕ್ಕದ ಗೂಡಿಗೆ ಬಿಟ್ಟೆವು. ಬಿಟ್ಟ ಕೈ ನನ್ನದು.

ಅವತ್ತು ನಾನು ಅಡಿಗೆ ಮಾಡಲಿಲ್ಲ. ಅಳಲೂ ಇಲ್ಲ. ಅಳುತ್ತ ಕೂತರೆ ಮೂವತ್ತೆಂಟು ವರ್ಷವನ್ನು ಅತ್ತು ಮುಗಿಸಲು ಆಗುತ್ತದಾ? ಕಪ್ಪು ಇಲಿಯೊಂದು ಗೂಡಿನಲ್ಲಿತ್ತು, ಇನ್ನೂ ಮೂರು ದಿನ ಬಾಕಿ ಇತ್ತು. ಪೆಟ್ಟಿಗೆಯಿಂದ ಹಳೆಯ ಕರಿ ಸೀರೆ ತೆಗೆದು ನಾಲ್ಕು ಮಡಿಕೆ ಮಾಡಿ ಕಿಟಕಿಗೆ ಮೊಳೆ ಹೊಡೆದೆ. ಕೆಂಪು ದಾರದ ಸೀಸೆಯನ್ನು ಎಡಕ್ಕೆ ಹಾಕಿದೆ. ಮಾರನೆಯ ದಿನ ಬಲಕ್ಕೆ, ಅದರ ಮಾರನೆಯ ದಿನ ಮತ್ತೆ ಎಡಕ್ಕೆ.

ಕೆಂಚವ್ವ ಬಂದವಳು ಕತ್ತಲು ನೋಡಿ ಹೊಸ್ತಿಲಲ್ಲೇ ನಿಂತಳು. "ಇದೇನಿದು ಹಾಲಕ್ಕ? ಯಾರ ಮನೆ ಸೂತಕ?"

"ಇವತ್ತಿಂದ ಹೊಸದಾಗಿ ಏಳು ದಿನ ನೋಡ್ತೀನಿ. ಹಿಂದಿನ ನಾಲ್ಕು ದಿನ ಲೆಕ್ಕಕ್ಕಿಲ್ಲ."

"ಯಾಕಿಲ್ಲ? ನಿನ್ನ ಬಾಯಲ್ಲೇ ಬಲಕ್ಕೆ ಬಲಕ್ಕೆ ಅಂದೆ."

"ಅಂದಿದ್ದು ನಿಜ. ಬಲಕ್ಕೆ ಹೋಗಿದ್ದೂ ನಿಜ. ಯಾಕೆ ಹೋಯ್ತು ಅಂತ ಅಂದ್ಕೊಂಡಿದ್ದು ಸುಳ್ಳು."

ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದಾಗ ಜನ ಮಾಡುವುದನ್ನೇ ಅವಳೂ ಮಾಡಿದಳು. ಓಡಿಹೋಗಿ ಊರಿಗೆಲ್ಲ ಹೇಳಿದಳು: ಹಾಲಕ್ಕ ಹಳೇ ಪ್ರೀತಿಗೆ ಬಿದ್ದು ಜುಂಜಪ್ಪನ ಮಗನಿಗೆ ಇಲಿ ತಿರುಗಿಸುತ್ತಿದ್ದಾಳೆ. ಬಾವಿಯ ಹತ್ತಿರ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಆ ಮಾತಿನಲ್ಲಿ ಪೂರ್ತಿ ಸುಳ್ಳೂ ಇರಲಿಲ್ಲ, ಅದೇ ನನಗೆ ಕಷ್ಟವಾದದ್ದು. ಅದಕ್ಕೇ ನಾನು ಇನ್ನೂ ಕಟ್ಟುನಿಟ್ಟಾಗಿ ಗೆರೆ ನೋಡಿದೆ. ಹಣತೆ ಹಿಡಿದು, ಎರಡೆರಡು ಸಲ, ಖಾಲಿ ಗೂಡಿನದನ್ನು ಕಳೆದು.

ಕಿಟಕಿ ಮುಚ್ಚಿ ಕತ್ತಲಾದ ಮೇಲೆ ಇಲಿ ಹುಲ್ಲಿನಿಂದ ಹೊರಗೆ ಬಂತು. ಗೂಡಿನ ನಡುವೆ ಕೂತು ಮುಖ ತೊಳೆಯಿತು. ಅದು ಹಾಗೆ ನಡುವೆ ಕೂತದ್ದನ್ನು ನಾನು ಮೊದಲ ಸಲ ಕಂಡೆ. ಎರಡೂ ಕೊಳವೆ ಮೂಸಿ, ನೀರಿಗೆ ಹೋಯಿತು. ಸೀಸೆ ಬದಿ ಬದಲಾಯಿಸಿದರೂ ಹುಡುಕಿಕೊಂಡು ನೀರಿಗೇ ಹೋಯಿತು. ಆರನೆಯ ದಿನ ಮಾತ್ರ ಸಾರಾಯಿಯನ್ನೂ ಒಂದು ಗೆರೆ ಕುಡಿದಿತ್ತು.

ಮಧ್ಯೆ ಒಂದು ದಿನ, ಯಾರೂ ಇಲ್ಲದಾಗ, ನನ್ನ ಇಲಿಯನ್ನೂ ಇನ್ನೊಂದು ಗೂಡಿಗೆ ಬಿಟ್ಟು ನೋಡಿದೆ. ಹಿಂದೆ ನನ್ನ ಸೀಸೆ ನೋಡಿದಾಗ ಅದು ಏಳು ದಿನವೂ ಕಿಟಕಿಯ ಬೆಳಕಿಗೆ ಹೋಗಿ ಕೂತ ಇಲಿ. ಈಗ ಬೆಳಕಿಲ್ಲ. ಅದು ಎರಡು ಕೊಳವೆಯ ಮಧ್ಯೆ ಸ್ವಲ್ಪ ಹೊತ್ತು ಯೋಚನೆ ಮಾಡಿ, ಸೀದಾ ಕೆಂಪು ದಾರದ ಕಡೆಗೆ ಹೋಗಿ, ಕಣ್ಣು ಮುಚ್ಚಿಕೊಂಡು, ಮೂರು ಗೆರೆ ಇಳಿಸಿತು. ಆಮೇಲೆ ಹೊಟ್ಟೆ ಮೇಲೆ ಮಾಡಿ ಮಲಗಿತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಬಹಳ ಹೊತ್ತು ನಕ್ಕೆ.

ಏಳನೆಯ ದಿನ ಕೆಂಚವ್ವ ಊರ ಪಟೇಲರನ್ನೇ ಕರೆತಂದಳು. ಅವರ ಹಿಂದೆ ನಾಲ್ಕೈದು ಹಿರಿಯರು. ಚೆಲುವಿ ಬಂದಳು. ಓಬಳೇಶ ಎಂದಿನಂತೆ ಬಾಗಿಲ ಹೊರಗೆ. ಪಟೇಲರು ದೊಡ್ಡ ದನಿಯ ದೊಡ್ಡ ಮನುಷ್ಯ. ಅವರ ಬೂದಿ ಇಲಿ ಕೂಡ ಗೂಡಿನ ಬಾಗಿಲು ತೆಗೆದರೆ ಮೈಮೇಲೆ ಬರುತ್ತದೆ.

"ಹಾಲವ್ವ, ಹಿಂದಿನಿಂದ ಬಂದ ಪದ್ಧತೀನ ಯಾಕಮ್ಮ ಕೆಡಿಸ್ತೀಯ? ಕಿಟಕಿ ಮುಚ್ಚು ಅಂತ ಯಾರು ಹೇಳಿದ್ರು?"

"ಕಿಟಕಿ ತೆಗೀರಿ ಅಂತ ಯಾರು ಹೇಳಿದ್ರು ಗೊತ್ತಾ ಪಟೇಲ್ರೆ? ನಾನು. ಪದ್ಧತಿ ಕೆಟ್ಟಿದ್ದು ಅವತ್ತು. ಇವತ್ತು ಸರಿ ಮಾಡೀನಿ."

ಎಲ್ಲ ಹೇಳಿದೆ. ಕಿಟಕಿ, ಹದ್ದು, ನೆರಳು, ತಪ್ಪಿ ಸಿಕ್ಕಿಸಿದ ಸೀಸೆ. ಯಾಕೆ ಕೊರೆಸಿದೆ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಸೀರೆಯನ್ನು ಸರಿಸಿ ತೋರಿಸಿದೆ. ಬೆಳಕು ಬಿದ್ದ ಕೂಡಲೇ ಕಪ್ಪು ಇಲಿ ಬಲಗಡೆಯ ಮೂಲೆಗೆ ಹಾರಿತು. ಸೀರೆ ಇಳಿಬಿಟ್ಟೆ, ಸ್ವಲ್ಪ ಹೊತ್ತಿಗೆ ಮೆಲ್ಲಗೆ ನಡುವಿಗೆ ಬಂತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಇಬ್ಬರ ತಮ್ಮಂದಿರು ಹೂವಿನ ಕೇರಿಯಲ್ಲಿದ್ದಾರೆ.

"ಏಳು ದಿನಕ್ಕೆ ನೀರು ಮೂವತ್ತೆರಡು ಗೆರೆ. ಸಾರಾಯಿ ಒಂದೇ ಗೆರೆ" ಎಂದೆ.

ಕೆಂಚವ್ವ ಆ ಒಂದನ್ನು ಹಿಡಿದುಕೊಂಡಳು. "ಒಂದು ಗೆರೆ! ಇವತ್ತು ಒಂದು, ನಾಳೆ ಹತ್ತು. ಒಂದು ಗೆರೆ ಕುಡಿದಿದ್ದೂ ಕುಡಿದಿದ್ದೇ ತಾನೆ? ನನ್ನ ಮಗಳನ್ನ ಒಂದು ಗೆರೆ ಮೇಲೆ ಕೊಡಲಾ?"

ಆಗ ಬಾಗಿಲ ಹೊರಗಿನಿಂದ, ಬಹಳ ಮೆತ್ತಗೆ, ಓಬಳೇಶ ಮಾತಾಡಿದ. "ಅತ್ತೆ, ಅದು ಇಲಿ. ಅದರ ಹತ್ರ ಏಳು ದಿನ ಯಾರೂ ಇರಲಿಲ್ಲ. ಅಷ್ಟು ದಿನ ಒಬ್ನೇ ಕೂತಿದ್ರೆ ನಾನೂ ಒಂದು ಗೆರೆ ಕುಡೀತಿದ್ದೆ ಅನ್ಸುತ್ತೆ. ಚೆಲುವಿ ಇದ್ರೆ ಕುಡಿಯಲ್ಲ."

ಚೆಲುವಿ ಬಾಗಿಲ ಕಡೆಗೆ ತಿರುಗಿ, "ಅಯ್ಯೋ, ಬಾಯಿ ಬಂತಾ?" ಎಂದಳು. ಅವಳ ಕಣ್ಣು ತುಂಬಿತ್ತು.

ಕೆಂಚವ್ವನಿಗೆ ಇನ್ನೂ ಸಾಲಲಿಲ್ಲ. ನಾನು ಅವಳ ಹತ್ತಿರ ಹೋಗಿ ಕೂತೆ. "ಕೆಂಚವ್ವ, ಒಂದು ಮಾತು ಹೇಳ್ತೀನಿ. ಮೊನ್ನೆ ನನ್ನ ಇಲೀನ ಕತ್ತಲಲ್ಲಿ ಬಿಟ್ಟು ನೋಡ್ದೆ. ಮೂರು ಗೆರೆ ಕುಡೀತು. ಒಂದೇ ದಿನಕ್ಕೆ."

"ನಿಂದಾ?"

"ನಂದೇ. ಕುಡಿದು ಅಂಗಾತ ಮಲಗಿತ್ತು. ಈಗ ನಿಂದೂ ಬಿಡೋಣ. ಪಟೇಲ್ರದೂ ಬಿಡೋಣ. ಎಲ್ಲರದೂ ಹೊಸದಾಗಿ ನೋಡೋಣ. ಒಂದು ಗೆರೆ ಕುಡಿದೋರೆಲ್ಲ ಚಾಪೆ ಸುತ್ಕೊಂಡು ಹೂವಿನ ಕೇರಿಗೆ ಹೋಗೋಣ. ಮೊದಲು ಯಾರದು ತರಲಿ?"

ಪಟೇಲರು ಕೆಮ್ಮಿದರು. ಹಿರಿಯರೊಬ್ಬರಿಗೆ ಗದ್ದೆಗೆ ನೀರು ಬಿಟ್ಟು ಬಂದದ್ದು ನೆನಪಾಯಿತು. ಕೆಂಚವ್ವ ತನ್ನ ಇಲಿಯಿದ್ದ ಸಾಲನ್ನು ಒಂದು ಸಲ ನೋಡಿದಳು, ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ನೀರು ಮೂವತ್ತೆರಡು ಗೆರೆ ಅಂದ್ಯಲ್ಲ?"

"ಮೂವತ್ತೆರಡು."

"ಸಾಕು ಬಿಡು. ಹೂವಿನ ಕೇರಿಗೆ ಮಾತ್ರ ನನ್ನ ಮಗಳು ಕಾಲಿಡಲ್ಲ, ಇವನೇ ಗಾಣದ ಮನೆಗೆ ಬರಬೇಕು" ಎಂದು ಹೊರಗೆ ಹೋಗುತ್ತ, ಓಬಳೇಶನಿಗೆ, "ಏಯ್, ಎತ್ತಿಗೆ ಮೂಗುದಾರ ಹೊಸೀಬೇಕು, ಬಾ" ಎಂದಳು. ಅವನು ಗೋಡೆಗೆ ಸರಿದು ದಾರಿ ಬಿಟ್ಟ, ಆಮೇಲೆ ಅವಳ ಹಿಂದೆ ನಡೆದ. ಚೆಲುವಿ ನನ್ನ ಎರಡೂ ಕೈ ಹಿಡಿದು ಏನೋ ಹೇಳಲು ಹೋಗಿ, ಹೇಳದೆ, ಓಡಿದಳು.

ಎಲ್ಲರೂ ಹೋದ ಮೇಲೆ ಹಿಂದಿನ ಸಾಲಿನ ಒಂದು ಗೂಡನ್ನು ತೆಗೆದೆ. ಅದರಲ್ಲಿದ್ದದ್ದು ಒಂದು ಕಾಲಕ್ಕೆ ಕಪ್ಪಾಗಿದ್ದ ಇಲಿ. ಈಗ ಬೆನ್ನಿನ ಮೇಲೆ ಬೂದಿ ಚೆಲ್ಲಿದ ಹಾಗೆ ನರೆತಿತ್ತು. ಸೀಸೆ ನೋಡಿ ಮುಗಿದ ಮೇಲೆ ಇಲಿಗಳಿಗೆ ನಾವು ಸಾರಾಯಿ ಕೊಡುವುದಿಲ್ಲ, ನೀರು, ರಾಗಿ, ಅಷ್ಟೇ. ಆ ಏಳು ದಿನದ ಮೇಲೆ ಮೂವತ್ತೆಂಟು ವರ್ಷ ಅದರ ನಾಲಗೆಗೆ ಸಾರಾಯಿ ಸೋಕಿರಲಿಲ್ಲ. ಅದನ್ನು ಚಪ್ಪಡಿಯ ಮೇಲಿನ ಗೂಡಿಗೆ ಬಿಟ್ಟು, ಎರಡು ಸೀಸೆ ಸಿಕ್ಕಿಸಿ, ಹೂವಿನ ಕೇರಿಗೆ ಹೇಳಿ ಕಳಿಸಿದೆ.

ಜುಂಜಪ್ಪ ಬರುವುದಿಲ್ಲ ಎಂದುಕೊಂಡಿದ್ದೆ. ಏಳನೆಯ ದಿನ ಬೆಳಿಗ್ಗೆ ಬಂದ. ಮುಖ ಊದಿತ್ತು, ಕೈ ನಡುಗುತ್ತಿತ್ತು, ಹೆಗಲ ಮೇಲೆ ಹಿಪ್ಪೆ ಹೂವು ಬಿದ್ದಿತ್ತು. ಕಿಟಕಿಯ ಸೀರೆಯನ್ನು ನೋಡಿದ. ನಾನು ಹೇಳುವ ಮುಂಚೆಯೇ ಚಪ್ಪಡಿಯ ಹತ್ತಿರ ಕೂತ. ಮಗ ಎಲ್ಲ ಹೇಳಿರಬೇಕು.

ಮುದಿ ಇಲಿ ಕುಂಟುತ್ತ ಬಂತು. ಕೆಂಪು ದಾರದ ಸೀಸೆ ಅವತ್ತು ಬಲಗಡೆಯೇ ಇತ್ತು, ಹಿಂದೆ ಇದ್ದ ಹಾಗೆ. ಅದು ಅಲ್ಲಿ ಒಂದು ಸಲ ಮೂಸಿ, ತಲೆ ಕೊಡವಿ, ಎಡಕ್ಕೆ ಹೋಗಿ ನೀರು ಕುಡಿಯಿತು. ಕೊಳವೆಯಲ್ಲಿ ಗುಳ್ಳೆ ಏಳುವ ಸದ್ದು ಕೇಳುತ್ತಿತ್ತು.

"ಎಷ್ಟು ದಿನದಿಂದ ಹಿಂಗೆ?" ಎಂದ.

"ಏಳೂ ದಿನ."

ಅವನು ನನಗೆ ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಹೂವಿನ ಕೇರಿಯವರಿಗೆ ಬೈಯುವುದು ಬರುವುದಿಲ್ಲ.

"ಹಾಲಿ, ಒಂದು ಲೋಟ ನೀರು ಕೊಡು" ಎಂದ.

ನನ್ನನ್ನು ಹಾಲಿ ಎಂದು ಕರೆಯುವವರು ಈಗ ಯಾರೂ ಉಳಿದಿಲ್ಲ. ಹೂವಿನ ಕೇರಿಯವನಿಗೆ ನೀರು ಕೊಡಬಾರದು ಎಂಬುದು ಆ ಹೊತ್ತಿನಲ್ಲೂ ನನ್ನ ಕೈಯನ್ನು ಒಂದು ಕ್ಷಣ ಹಿಡಿಯಿತು. ಆಮೇಲೆ ಕೊಡದಿಂದ ಬಗ್ಗಿಸಿ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದರೂ ಅಂಗಿಯ ಮೇಲೆ ಚೆಲ್ಲಿಕೊಂಡ. ಕುಡಿದು ಮುಖ ಕಿವುಚಿದ.

"ಸಪ್ಪೆ."

"ಅಭ್ಯಾಸ ಆಗ್ತೈತೆ ಬಿಡು."

ಅವನು ನಕ್ಕ. ಒಂದು ಲೋಟ ನೀರಿನಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಮನೆಗೆ ಹೋದರೆ ಬಾಗಿಲಲ್ಲಿ ಗಡಿಗೆ ಇರುತ್ತದೆ, ಅವನ ಮೈ ಅದನ್ನು ಕೇಳುತ್ತದೆ, ಅವನು ಕುಡಿಯುತ್ತಾನೆ. ಅವನಿಗೂ ಗೊತ್ತಿತ್ತು. ಲೋಟವನ್ನು ಕೆಳಗಿಡದೆ ಹಾಗೇ ಕೂತಿದ್ದ. ಗೂಡಿನಲ್ಲಿ ಇಲಿ ಮುಖ ತೊಳೆಯತೊಡಗಿತು.

"ಕಿಟಕಿ ನೀನೇ ಕೊರೆಸಿದ್ದಂತೆ."

"ಹೂಂ."

"ಯಾಕೆ? ನಿಮ್ಮ ಚಿಕ್ಕವ್ವನ ಕಣ್ಣು ನೆಟ್ಟಗೇ ಇತ್ತಲ್ಲ. ದೂರದ ಹಗ್ಗದ ಗಂಟೂ ಕಾಣ್ತಿತ್ತು ಅವಳಿಗೆ."

ಯಾರಿಗೂ ಹೇಳದೆ ಉಳಿಸಿಕೊಂಡ ಒಂದು ಮಾತು ಅದು. "ನೀನು ಹಗ್ಗ ಹೊಸೀತಾ ಹಿಂದೆ ಹಿಂದೆ ಹೋಗ್ತಿದ್ದೆಯಲ್ಲ. ದನಿ ಕೇಳ್ತಿತ್ತು, ಮುಖ ಕಾಣ್ತಿರಲಿಲ್ಲ. ಕಾಣ್ಲಿ ಅಂತ."

ಅವನು ಸೀರೆ ಮುಚ್ಚಿದ ಕಿಟಕಿಯನ್ನೇ ನೋಡುತ್ತಿದ್ದ.

"ಕಾಣ್ತಿತ್ತಾ?"

"ಕಾಣ್ತಿತ್ತು. ದಾರಿಯ ಕೊನೆವರೆಗೂ."

ಹೊರಗೆ ಹೂವು ಉದುರುತ್ತಿತ್ತು. ಜುಂಜಪ್ಪ ಲೋಟ ಮುಂದೆ ಹಿಡಿದ.

"ಇನ್ನೊಂದು ಲೋಟ ಹಾಕು" ಎಂದ.